ಹದಿನಾಲ್ಕು ಮುದ್ದೆಯ ಸೇಡು

ಸುರಪುರಕ್ಕೆ ಬಂದ ಮೊದಲ ವಾರ ನನ್ನನ್ನು ಬೆಚ್ಚಿಬೀಳಿಸಿದ್ದು ಇಲ್ಲಿನ ಬಿಸಿಲಲ್ಲ, ರೊಟ್ಟಿಯ ಸದ್ದು. ರಂಗಂಪೇಟೆಯ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಿಟಕಿಯ ಚಿಲಕವನ್ನೂ ಸಿಕ್ಕಿಸಿ, ಮಧ್ಯಾಹ್ನ ಮೂರು ಗಂಟೆಗೆ ಒಂದು ಖಡಕ್ ರೊಟ್ಟಿ ಮುರಿದೆ. ಕಟಂ ಎಂದಿತು. ಗೋಡೆಯ ಆಚೆ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಬಾಯಿಗಿಟ್ಟು ಜಗಿದರೆ ಇನ್ನೂ ದೊಡ್ಡ ಸದ್ದು. ಹೆದರಿಹೋಗಿ ತುಂಡನ್ನು ನಾಲಿಗೆಯ ಮೇಲೇ ನೆನೆಸಿಕೊಂಡು ಕಳ್ಳನಂತೆ ನುಂಗಿದೆ. ಹಾಗೆ ಎಂಟು ರೊಟ್ಟಿ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು.

ಮಂಡ್ಯದ ಕಡೆಯ ನಿಮಗೆ ನನ್ನ ಭಯ ಅರ್ಥವಾಗುವುದು ಕಷ್ಟ. ನಮ್ಮ ಮುದ್ದೆಗೆ ಸದ್ದಿಲ್ಲ. ಮುದ್ದೆ ಜಗಿಯುವವನನ್ನು ಕಂಡರೆ ನಾವು ನಗುತ್ತೇವೆ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾ ಹೋಗುವುದು ನಮ್ಮ ಪದ್ಧತಿ. ಎಷ್ಟು ಒಳಗೆ ಹೋಯಿತೆಂದು ಪಕ್ಕದ ಕೋಣೆಯವರಿಗಿರಲಿ, ನುಂಗಿದವನಿಗೇ ಲೆಕ್ಕ ಸಿಗುವುದಿಲ್ಲ. ಇಲ್ಲಿಯದು ಜೋಳದ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ವಾರಗಟ್ಟಲೆ ಬುಟ್ಟಿಯಲ್ಲಿ ಪೇರಿಸಿಡುತ್ತಾರೆ. ರುಚಿಯೇನೋ ಸರಿ, ಆದರೆ ಚಾಡಿಕೋರ ರೊಟ್ಟಿ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ.

ನನ್ನಂಥವನೆಂದರೆ ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಭೂಮಿ ಅಳೆಯುವ ಸರ್ಕಾರಿ ಸರ್ವೇಯರ್. ಬೇಸರವಾದರೆ ತಿನ್ನುತ್ತೇನೆ, ಸಿಟ್ಟು ಬಂದರೆ ತಿನ್ನುತ್ತೇನೆ. ಹಸಿವು ತೀರಿದ ಮೇಲೂ, ಹೊಟ್ಟೆ ನೋಯುವವರೆಗೂ, ಯಾರೂ ಇಲ್ಲದಾಗ ತಿನ್ನುತ್ತೇನೆ. ತಿಂದ ಮೇಲೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಸುರಪುರಕ್ಕೆ ವರ್ಗ ಕೇಳಿದಾಗ ಕಚೇರಿಯವರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ನನಗೆ ಬೇಕಾಗಿದ್ದದ್ದು ಇಷ್ಟೇ: ಮಾವನಿಂದ ದೂರ ಹೋಗಬೇಕು, ಅರ್ಧ ದೇಹವಾಗಿ ವಾಪಸು ಬರಬೇಕು, ಊರ ಮುಂದೆ ಅವನ ಮಾನ ಕಳೆಯಬೇಕು.

ಮಾವ ಎಂದರೆ ನನ್ನ ಅವ್ವನ ತಮ್ಮ. ಅಪ್ಪ ಮೊದಲೇ ಇರಲಿಲ್ಲ. ನನಗೆ ಹದಿನಾರಾದಾಗ ಅವ್ವನೂ ಹೋದಳು. ಅವಳು ಸತ್ತ ಇಪ್ಪತ್ತೊಂದನೆಯ ದಿನ ಪಕ್ಕದ ಊರಿನಲ್ಲಿ ಮುದ್ದೆ ಉಣ್ಣುವ ಪಂದ್ಯವಿತ್ತು. ನಿಮಗೆ ಗೊತ್ತಲ್ಲ, ಸಾಲಾಗಿ ಎಲೆ ಹಾಕಿ, ನಾಟಿಕೋಳಿ ಸಾರು ಸುರಿದು, ಮೈಕಿನಲ್ಲಿ ಎಣಿಸುತ್ತಾರೆ. ಮಾವ ನನ್ನನ್ನು ಕೂರಿಸಿದ. ಹದಿನಾಲ್ಕು ಮುದ್ದೆ ಉಂಡೆ. ನಾನು ಆ ದಿನ ನಿಲ್ಲಿಸಲಾರದೆ ಉಣ್ಣುತ್ತಿದ್ದೆ. ಮೂರು ವಾರದಿಂದ ಹಾಗೇ ಉಣ್ಣುತ್ತಿದ್ದೆ. ಜನ ಶಿಳ್ಳೆ ಹಾಕಿದರು. ಮಾವ ನನ್ನನ್ನು ಹೆಗಲ ಮೇಲೆ ಹೊತ್ತ. ಅವ್ವನಿಲ್ಲದ ಹುಡುಗ ಯಾಕೆ ಹೀಗೆ ಉಣ್ಣುತ್ತಿದ್ದಾನೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ಹತ್ತು ವರ್ಷ ನಾನು ಮಾವನ ಹುಲಿ. ಫ್ಲೆಕ್ಸಿನಲ್ಲಿ ನನ್ನ ಕೆನ್ನೆ ಉಬ್ಬಿದ ಫೋಟೊ, ಕೆಳಗೆ ಅವನ ಹೆಸರು. 'ಹಿಟ್ಟಂ ತಿಂದವ ಬೆಟ್ಟವಂ ಕಿತ್ತಿಟ್ಟಂ' ಎಂದು ಮೈಕಿನಲ್ಲಿ ಕೂಗುವುದು ಅವನ ಚಾಳಿ. ನಾನು ಕಿತ್ತ ಬೆಟ್ಟ ಯಾವುದೂ ಇಲ್ಲ. ಹೆಣ್ಣು ನೋಡಲು ಹೋದ ಮನೆಯೊಂದರಲ್ಲಿ ಹುಡುಗಿಯ ಅಪ್ಪ, "ಇವ್ರಿಗೆ ಮುದ್ದೆ ತೊಳ್ಸಾಕೆ ನಮ್ಮುಡ್ಗೀನೆ ಬೇಕಾ?" ಎಂದು ನಕ್ಕ. ಮಾವನೂ ನಕ್ಕ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನ್ನನ್ನು ಓದಿಸಿದ್ದೂ ಅವನೇ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ.

ಹೀಗೆ ಹೊಟ್ಟೆಯೊಳಗೆ ಉರಿ ಇಟ್ಟುಕೊಂಡು ಬಂದವನು ಟ್ರಂಕಿನಲ್ಲಿ ತಂದದ್ದು ತೂಕ ಇಳಿಸುವ ಪುಡಿಯ ಡಬ್ಬಿಗಳು. ನಮ್ಮ ಕಡೆಯ ಒಬ್ಬ ಮಾರಾಟಗಾರ ಬೆಳಿಗ್ಗೆ ಬೆಳಿಗ್ಗೆ ಜನರನ್ನು ಸೇರಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದ. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ ಮೌನ. ಆ ಮೌನ ತಿಂದವರಿಗೆ ಗೊತ್ತು. ಎರಡು ಹೊತ್ತು ಪುಡಿ ಕಲಸಿ ಕುಡಿದು, ಸುತ್ತಲ ಹಳ್ಳಿಗಳ ಕರಿನೆಲದಲ್ಲಿ ಬಿಸಿಲಿಗೆ ಸರಪಳಿ ಎಳೆದು ಮಧ್ಯಾಹ್ನ ಕೋಣೆಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆ. ಆಮೇಲೆ ಬುಟ್ಟಿ ರೊಟ್ಟಿ ಖಾಲಿ.

ಇಲ್ಲಿ ಇನ್ನೊಂದು ಸಂಕಟವಿದೆ. ಹೊಲ ಅಳೆದು ಕಲ್ಲು ನೆಟ್ಟ ಮೇಲೆ ಆ ಮನೆಯವರು ಉಣಿಸದೆ ಕಳಿಸುವುದಿಲ್ಲ. ನಮ್ಮ ಕಡೆ ಕಾಫಿಗೆ ಕರೆಯುತ್ತಾರೆ, ಬೇಡವೆಂದರೆ ಬಿಡುತ್ತಾರೆ. ಇಲ್ಲಿ ಒಂದು ದಿನ ಬೇಡವೆಂದೆ, ರೊಟ್ಟಿಯ ಬುಟ್ಟಿ ಹಿಡಿದ ಹೆಂಗಸು ನಿಂತಲ್ಲೇ ನಿಂತಳು.

"ಯಾಕ್ರಿ ಸರ್? ನಮ್ಮ ಮನ್ಯಾಗ ಉಂಡ್ರ ನಿಮಗ ಏನರ ಆಗತದೇನ್ರಿ?"

ಅವಳು ಜಾತಿಯ ಮಾತು ಕೇಳುತ್ತಿದ್ದಾಳೆಂದು ನನಗೆ ಹೊಳೆದದ್ದು ಎರಡು ನಿಮಿಷದ ಮೇಲೆ. ನನ್ನ ಜೊತೆ ಸರಪಳಿ ಹಿಡಿಯುವ ಖಾಜಾಸಾಬ್, ಐವತ್ತು ದಾಟಿದ ಮನುಷ್ಯ, ನಡುವೆ ಬಂದ. "ಹಂಗಲ್ಲ ತಾಯಿ, ಸಾಹೇಬ್ರ ಹೊಟ್ಟಿ ಬರೋಬ್ಬರಿಲ್ಲ," ಎಂದು ನನ್ನ ಪಾಲನ್ನೂ ತಾನೇ ಉಂಡ. ವಾಪಸು ಬರುವಾಗ ಬೈಕು ನಿಲ್ಲಿಸಿ ಕೇಳಿದ.

"ಸಾಬ್, ಖರೇ ಹೇಳ್ರಿ. ಹಗಲೆಲ್ಲ ಉಪಾಸ ಇರ್ತೀರಿ. ಯಾವ ದೇವ್ರಿಗೆ?"

ನಾನು ಮಾವನ ಕಥೆ ಹೇಳಿದೆ, ಬುಟ್ಟಿ ಖಾಲಿಯಾಗುವ ಕಥೆಯನ್ನೂ ಬಾಯಿತಪ್ಪಿ ಹೇಳಿದೆ. ಮುಂದಿನ ವರ್ಷದ ಪಂದ್ಯಕ್ಕೆ ಕಡ್ಡಿಯಾಗಿ ಹೋಗಿ ಅವನ ಮೈಕು ಕಿತ್ತುಕೊಳ್ಳುತ್ತೇನೆ ಎಂದೆ. ಹೇಳುವಾಗ ಹಲ್ಲು ಕಡಿಯುತ್ತಿದ್ದೆನೆಂದು ಅವನೇ ಆಮೇಲೆ ಹೇಳಿದ.

"ನಕ್ಕೋ ಸಾಬ್," ಎಂದ. ನಕ್ಕೋ ಎಂದರೆ ಅವರ ಮನೆಮಾತಿನಲ್ಲಿ ಬೇಡ. "ನಾವೂ ರಂಜಾನಿಗೆ ರೋಜಾ ಇರ್ತೀವಿ. ಸೇಡಿಗಂತ ಇದ್ದ ರೋಜಾ ದೇವ್ರಿಗೆ ಖಬೂಲ್ ಆಗಂಗಿಲ್ಲ. ಸಂಜೀಕ ಖಜೂರ ತಿಂದ್ರೂ ಕಹಿ ಹತ್ತತದ."

ನನಗೆ ಅವನ ಮೇಲೂ ಸಿಟ್ಟು ಬಂತು. ಬುದ್ಧಿ ಹೇಳುವವರು ಬೇಡ, ಬೆಂಕಿ ಹಚ್ಚುವವರು ಬೇಕು ಎಂದು ಶಹಾಪುರದ ಒಂದು ಜಿಮ್ಮಿಗೆ ಸೇರಿದೆ. ಅಲ್ಲಿಯ ತರಬೇತುದಾರ ನನಗೆ ಬಹಳ ಹಿಡಿಸಿದ. "ನಿಮ್ಮ ದುಶ್ಮನ್‌ನ ಮಾರಿ ನೆನಸ್ಕೋರಿ, ಎತ್ರಿ!" ಎನ್ನುತ್ತಿದ್ದ. ಮಾವನ ಮುಖ ನೆನೆದು ಎತ್ತಿದೆ, ಎತ್ತಿದೆ. ದುಶ್ಮನ್ ದಿನವೂ ನೆನಪಾದ. ನೆನಪಾದ ದಿನವೆಲ್ಲ ಬಸ್ ನಿಲ್ದಾಣದಲ್ಲಿ ಒಂದು ತಟ್ಟೆ ಮಂಡಕ್ಕಿಯ ಸುಸ್ಲಾ, ಎರಡನೆಯ ತಟ್ಟೆ, ಮೇಲೆ ಕಾಗದದ ತುಂಬ ಮಿರ್ಚಿ ಬಜ್ಜಿ. ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಸುರಪುರಕ್ಕೆ ಬರುತ್ತಿದ್ದೆ. ಮೂರು ತಿಂಗಳಲ್ಲಿ ತೋಳು ಗಟ್ಟಿಯಾದವು, ಸೊಂಟ ಇನ್ನೂ ಹಿಗ್ಗಿತು.

ಈ ನಡುವೆ ಮನೆಯೊಡತಿ ಶರಣಮ್ಮನ ಕಿವಿ ಗೋಡೆಯ ಆಚೆ ಇತ್ತು. ಅರವತ್ತರ ಹೆಂಗಸು, ಮದುವೆ ಮನೆಗಳಿಗೆ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ನಾನು ತಿನ್ನುತ್ತಿದ್ದದ್ದೂ ಅವಳು ಬಡಿದ ರೊಟ್ಟಿಯೇ. ಒಂದು ಮಧ್ಯಾಹ್ನ ಬಾಗಿಲು ತಟ್ಟಿದಳು. ಸಿಕ್ಕಿಬಿದ್ದೆ ಎಂದು ಕೈ ಒರೆಸಿಕೊಂಡು ತೆರೆದೆ. ಅವಳ ಕೈಯಲ್ಲೊಂದು ಬಟ್ಟಲಿತ್ತು.

"ಸರ್, ದಿನಾ ಒಣಾ ರೊಟ್ಟಿ ಕಡಿಯೋ ಸಪ್ಪಳ ಕೇಳ್ತದ. ಪಲ್ಯ ಇಲ್ದ ಹ್ಯಾಂಗ ಉಣ್ತೀರಿ? ಗಂಟಲಾಗ ಸಿಕ್ಕೊಂತದ. ತಗೋರಿ, ಪುಂಡಿಪಲ್ಯ."

ಎಷ್ಟು ತಿಂದೆ ಎಂದು ಅವಳು ಕೇಳಲಿಲ್ಲ. ಅವಳ ಚಿಂತೆ ನಂಚಿಕೊಳ್ಳಲು ಏನಿದೆ ಎಂಬುದಷ್ಟೇ. ನಾನು ಬಟ್ಟಲು ಇಸಿದುಕೊಂಡು ಬಾಗಿಲು ಹಾಕಿದೆ. ಹುಳಿಯಾದ ಆ ಸೊಪ್ಪಿನ ಪಲ್ಯವನ್ನು ಒಂದು ರೊಟ್ಟಿಗೆ ಹಚ್ಚಿ ತಿಂದೆ, ಮೊದಲ ಸಲ ಸದ್ದು ಮಾಡಿಕೊಂಡೇ ತಿಂದೆ. ಉಳಿದ ರೊಟ್ಟಿಗಳನ್ನೂ ಆ ದಿನ ತಿಂದೆ, ಸುಳ್ಳು ಹೇಳುವುದಿಲ್ಲ.

ನನಗೆ ಬೇಕಾದದ್ದು ಪುಡಿಯೂ ಅಲ್ಲ, ಜಿಮ್ಮೂ ಅಲ್ಲ ಎಂದು ತೋರಿಸಿಕೊಟ್ಟವನು ಮತ್ತೆ ಖಾಜಾಸಾಬನೇ. ಅವನ ತಂಗಿ ತನ್ನ ಗಂಡ ಸತ್ತ ಮೇಲೆ ಅನ್ನ ಬಿಟ್ಟಿದ್ದಳಂತೆ. ಯಾದಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಕಡೆ ಕರೆದೊಯ್ದಿದ್ದ. "ಆಕಿ ಉಣ್ಣವಲ್ಲಳು, ನೀವು ನಿಂದ್ರಸವಲ್ರಿ. ಬ್ಯಾರೆ ಬ್ಯಾರೆ ಅಂತ ನನಗ ಅನಸಂಗಿಲ್ಲ," ಎಂದ. ಹುಚ್ಚರ ಡಾಕ್ಟರ ಬಳಿಗೆ ನಾನು ಹೋಗಬೇಕೇ ಎಂದು ಹಾರಾಡಿದೆ. ಒಂದು ಮಂಗಳವಾರ ಕಚೇರಿಯ ಕೆಲಸವಿದೆಯೆಂದು ಯಾದಗಿರಿಗೆ ಕರೆದೊಯ್ದು ಆ ಬಾಗಿಲ ಮುಂದೆ ಕೂರಿಸಿಬಿಟ್ಟ.

ಒಳಗೆ ಇದ್ದ ಆಪ್ತಸಮಾಲೋಚಕಿ ನನಗಿಂತ ಚಿಕ್ಕವಳು, ಗುರುಮಠಕಲ್ ಕಡೆಯವಳು, ಮಾತಿನಲ್ಲಿ ತೆಲುಗಿನ ಎಳೆತ. ಮೂಲೆಯಲ್ಲಿ ತೂಕದ ಯಂತ್ರ ಎಲ್ಲಿದೆ ಎಂದು ಹುಡುಕಿದೆ, ಇರಲಿಲ್ಲ. ಅವಳ ಮೊದಲ ಪ್ರಶ್ನೆ ಇದು:

"ಹಿಂಗ ನಿಲ್ಲಸಾಕ ಆಗಲಾರದಂಗ ಉಂಡಿದ್ದು ಮೊದಲನೇ ಸಲ ಯಾವಾಗ್ರಿ?"

ಪುಡಿ ಮಾರಿದವನು ತೂಕ ಕೇಳಿದ್ದ, ಜಿಮ್ಮಿನವನು ಶತ್ರುವನ್ನು ಕೇಳಿದ್ದ. ಇದನ್ನು ಯಾರೂ ಕೇಳಿರಲಿಲ್ಲ. ಅವ್ವ ಸತ್ತ ಮೇಲೆ, ಎಂದೆ. ಇದು ಹೊಟ್ಟೆಬಾಕತನವಲ್ಲ, ಹೆಸರಿರುವ ತೊಂದರೆ, ಬಹಳ ಜನರಿಗಿದೆ, ಚಿಕಿತ್ಸೆಯೂ ಇದೆ ಎಂದಳು. ವೈದ್ಯರನ್ನೂ ಕಾಣಿಸಿದಳು. ಮೊದಲು ಪುಡಿ ಬಿಡಿ, ಹಸಿದು ಕೂತವನೇ ಮಧ್ಯಾಹ್ನ ಮುಗಿಬೀಳುವುದು, ಮೂರು ಹೊತ್ತು ಹೊತ್ತಿಗೆ ಸರಿಯಾಗಿ ಉಣ್ಣಿ ಎಂದಳು. ಉಣ್ಣು ಎಂದು ಹೇಳುವ ಚಿಕಿತ್ಸೆಯನ್ನು ನಾನು ಕಂಡಿದ್ದು ಅದೇ ಮೊದಲು. ತಿನ್ನಬೇಕೆನಿಸಿದಾಗ ಒಂದು ಸಾಲು ಬರೆಯಬೇಕು: ಹಸಿವೋ, ಬೇರೆ ಏನೋ.

ಎರಡನೆಯ ಭೇಟಿಯಲ್ಲಿ ನನ್ನ ಸೇಡಿನ ಯೋಜನೆಯನ್ನು ಹೆಮ್ಮೆಯಿಂದ ವಿವರಿಸಿದೆ. ಅವಳು ಪೆನ್ನು ಕೆಳಗಿಟ್ಟಳು.

"ಸೇಡಿಗಂತ ಬಿಟ್ರ, ಸೇಡು ತೀರಿದ ಮರುದಿನ ಮತ್ತ ಉಣ್ತೀರಿ. ನಿಮ್ಮ ತಾಟಿನ ಮುಂದ ಈಗೂ ನಿಮ್ಮ ಮಾವನೇ ಕುಂತಾರ."

ಎದ್ದು ಬಂದೆ. ಎರಡು ಮಂಗಳವಾರ ಹೋಗಲಿಲ್ಲ. ಆ ಹುಡುಗಿಗೆ ಏನು ಗೊತ್ತು ಎಂದು ಬೈದುಕೊಂಡೆ. ಮೂರನೆಯ ಮಂಗಳವಾರ ಯಾಕೆ ಹೋದೆನೋ, ಬಹುಶಃ ನನ್ನ ಪುಸ್ತಕದಲ್ಲಿ 'ಬೇರೆ' ಎಂದು ಬರೆದ ಸಾಲುಗಳು ಪುಟ ದಾಟಿದ್ದವು. ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ಹೊಸ ಕೆಲಸ ಕೊಟ್ಟಳು.

"ನಾನು ವಾರಕ್ಕೊಮ್ಮೆ ಸಿಗ್ತೀನಿ. ನಡುವ ಜೋರಾಗಿ ಅನ್ನಿಸಿದಾಗ ಬಾಯಿ ಬಿಟ್ಟು ಹೇಳಾಕ ಒಬ್ಬರನ್ನ ಆರಿಸ್ಕೋರಿ. ನಗಬಾರದು, ಹೆದರಬಾರದು, ನಿಮ್ಮ ಹೊಟ್ಟಿಯಿಂದ ತಮ್ಮ ಹೆಸರು ಮಾಡ್ಕೊಳ್ಳೋರು ಆಗಿರಬಾರದು."

ಈ ಮೂರು ಜರಡಿ ಹಿಡಿದು ನನಗೆ ಗೊತ್ತಿದ್ದವರನ್ನೆಲ್ಲ ಸೋಸಿದೆ. ಊರಿನಲ್ಲಿ ಒಬ್ಬರೂ ಉಳಿಯಲಿಲ್ಲ. ಇಪ್ಪತ್ತಾರು ವರ್ಷ ಬದುಕಿದ ಊರಿನಲ್ಲಿ! ಖಾಜಾಸಾಬ್ ಉಳಿದ, ಆದರೆ ಅವನು ಕೆಲಸದವನು, ನಾನು ಸಾಹೇಬ. ದುರಹಂಕಾರ ಅಡ್ಡ ಬಂತು. ತಿಂಗಳು ಕಳೆದರೂ ಆ ಜಾಗ ಖಾಲಿಯೇ ಇತ್ತು. ಅಷ್ಟರಲ್ಲಿ ಊಟ ಹಾದಿಗೆ ಬರುತ್ತಿತ್ತು. ಶರಣಮ್ಮನ ಹತ್ತಿರವೇ ಎರಡು ಹೊತ್ತಿನ ಊಟ ಹಚ್ಚಿಕೊಂಡೆ. ನುಂಗುವವನು ಜಗಿಯುವುದನ್ನು ಕಲಿತೆ. ಮಧ್ಯಾಹ್ನದ ಕಳ್ಳ ಊಟ ವಾರಕ್ಕೆ ಒಂದೆರಡಕ್ಕೆ ಇಳಿಯಿತು. ತೂಕ ಎಷ್ಟಾಯಿತೋ ನೋಡಿಲ್ಲ.

ಆಗ ಮಾವ ಬಂದ. ಫೋನಿಗೆ ಸಿಗದ ಹುಲಿಯನ್ನು ಹಿಡಿದೊಯ್ಯಲು ತಾನೇ ಬಸ್ಸು ಹತ್ತಿದ್ದ. ಪಂದ್ಯಕ್ಕೆ ಹತ್ತು ದಿನವಿತ್ತು. ಶರಣಮ್ಮ ನೆಂಟರು ಬಂದರೆಂದು ಪಡಸಾಲೆಯಲ್ಲಿ ಇಬ್ಬರಿಗೂ ತಾಟು ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು. ಮಾವ ಮೀಸೆ ಸವರಿಕೊಂಡ.

"ಆಕ್ರಮ್ಮ, ಅವ್ನಿಗಾಕಿ. ನಿಮ್ ಮನೇಲಿರೋದು ಯಾರು ಅಂತ ಗೊತ್ತಾ? ಒಂದೇ ಏಟ್ಗೆ ಹದ್ನಾಲ್ಕ್ ಮುದ್ದೆ ಇಳ್ಸಿರೋ ಗಂಡು. ನನ್ನಕ್ಕನ್ ಮಗ!"

"ನೀಡೋದು ನನ್ನ ಕೆಲಸ್ರಿ ಯಪ್ಪಾ," ಎಂದಳು ಶರಣಮ್ಮ. "ಉಣ್ಣವ್ರ ತುತ್ತು ಎಣಸಬಾರದು."

ನಾನು ಎರಡು ರೊಟ್ಟಿ ಉಂಡು ಕೈ ತೊಳೆದೆ. ಹೊಟ್ಟೆ ತುಂಬಿತ್ತು. ಮಾವನ ಮುಖ ಸಪ್ಪಗಾಯಿತು. "ಏನ್ಲಾ ಇದು? ಉಸಾರಿಲ್ವಾ?" ಎಂದ. ಆಗ ನಾನು ವರ್ಷಗಟ್ಟಲೆ ಒಳಗೇ ಒರೆಸಿ ಹರಿತ ಮಾಡಿಟ್ಟುಕೊಂಡಿದ್ದ ಮಾತುಗಳನ್ನು ಎತ್ತಿ ಎತ್ತಿ ಎಸೆದೆ. ಅವ್ವ ಸತ್ತ ಇಪ್ಪತ್ತೊಂದನೆಯ ದಿನ ನನ್ನನ್ನು ಕೋಳಿಯಂಕದ ಹುಂಜದ ಹಾಗೆ ಕೂರಿಸಿದೆ ಎಂದೆ. ನನ್ನ ಅಳುವನ್ನು ಮೈಕಿನಲ್ಲಿ ಎಣಿಸಿದೆ ಎಂದೆ. ನಿನ್ನ ಫ್ಲೆಕ್ಸಿಗೆ ಬೆಂಕಿ ಬೀಳಲಿ ಎಂದೆ. ಅವನು ತಲೆ ತಗ್ಗಿಸುತ್ತಾನೆ ಎಂದು ಕಾದೆ.

ಅವನು ತಲೆ ತಗ್ಗಿಸಲಿಲ್ಲ. ರೊಟ್ಟಿಯ ಚೂರು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದ.

"ಅಕ್ಕ ಸತ್ ಮೂರ್ ದಿನ ನೀನು ನೀರೂ ಮುಟ್ನಿಲ್ಲ ಕಲಾ. ಇವ್ನೂ ಓಯ್ತಾನೆ ಅಂದ್ಕಂಡೆ. ನಾಕ್ನೇ ದಿನ ಉಣ್ಣಾಕ್ ಸುರು ಮಾಡ್ದೆ. ಉಣ್ತಾವ್ನೆ, ಬದ್ಕ್ತಾನೆ ಅಂತ ಆಕ್ದೆ. ಇನ್ನೇನ್ ಮಾಡ್ಬೇಕಿತ್ತು ಅಂತ ನಂಗೆ ಗೊತ್ತಾಗ್ನಿಲ್ಲ."

ನನಗೆ ಹೇಳಲಾರದಷ್ಟು ಸಿಟ್ಟು ಬಂತು. ಅಷ್ಟು ಕಾಲ ಸಾಕಿದ ಸೇಡಿಗೆ ಅವನು ಒಂದು ಕಾರಣ ಕೊಟ್ಟು ಗಾಳಿ ತೆಗೆದುಬಿಟ್ಟ. ಹೆಣ್ಣಿನ ಮನೆಯಲ್ಲಿ ನಕ್ಕದ್ದಕ್ಕೆ ಏನು ಕಾರಣ? ಹತ್ತು ವರ್ಷದ ಫ್ಲೆಕ್ಸಿಗೆ? ಕೇಳಲು ಬಾಯಿ ತೆರೆದೆ. ಬಂದದ್ದು ಆ ಹಳೆಯ ಸೆಳೆತ. ಕಣ್ಣು ತಾನಾಗಿ ಮೂಲೆಯ ರೊಟ್ಟಿ ಬುಟ್ಟಿಯ ಕಡೆ ಹೋಯಿತು. ಇವತ್ತು ಕೂತರೆ ಬುಟ್ಟಿ ಬರಿದಾಗುವವರೆಗೆ ಏಳುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

ಶರಣಮ್ಮ ಒಲೆಯ ಮುಂದೆ ಇದ್ದಳು. ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ.

"ಯವ್ವಾ, ನನಗ ತಿನ್ನಬೇಕನಸಾಕತ್ತದ," ಎಂದೆ. "ಹಸಿವಿಲ್ಲ. ಸಂಕಟ ಆಗಾಕತ್ತದ. ಅವ್ವ ನೆಪ್ಪಾಗ್ಯಾಳ."

ಅವಳು ನಗಲಿಲ್ಲ, ಹೆದರಲೂ ಇಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮೊಣಕಾಲ ಮೇಲೆ ಇಟ್ಟಳು. "ಕುಂದ್ರು ಇಲ್ಲೇ," ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಏಕವಚನದಲ್ಲಿ ಕರೆದಳು. ನಾನು ಅತ್ತೆ. ಹದಿನಾರನೆಯ ವಯಸ್ಸಿನಲ್ಲಿ ಅಳಬೇಕಾದದ್ದನ್ನು ಯಾರದೋ ಊರಿನ ಯಾರದೋ ಒಲೆಯ ಮುಂದೆ ಅತ್ತೆ. ಬುಟ್ಟಿ ಮೂಲೆಯಲ್ಲೇ ಇತ್ತು.

ತಿರುಗಿ ನೋಡಿದರೆ ಮಾವ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನಾನು ಎಸೆದ ಯಾವ ಮಾತೂ ಅವನಿಗೆ ತಾಗಿರಲಿಲ್ಲ, ಇದು ತಾಗಿತ್ತು. ಗೋಡೆ ಹಿಡಿದುಕೊಂಡು ಕೆಳಗೆ ಕೂತ. ನಾನು ಬೇಕೆಂದು ಮಾಡಿದ್ದಲ್ಲ. ಆದರೂ ಅವನು ಕುಸಿದದ್ದನ್ನು ಕಂಡು ನನಗೆ ಒಳಗೇ ತಂಪಾಯಿತು, ಅದನ್ನು ಮುಚ್ಚಿಟ್ಟರೆ ಈ ಬರಹವೇ ಸುಳ್ಳು.

ಮರುದಿನ ಬೆಳಿಗ್ಗೆ ಸುರಪುರದ ಬಸ್ ನಿಲ್ದಾಣಕ್ಕೆ ಕರೆತಂದೆ. ಪಂದ್ಯದ ಮಾತು ಅವನೂ ಎತ್ತಲಿಲ್ಲ. ಬಸ್ಸು ಹತ್ತುವಾಗ ಕೇಳಿದ.

"ಆ ಎಂಗಸ್ಗೆ ಏಳ್ದಲ್ಲ, ನಂಗ್ಯಾಕ್ಲಾ ಏಳ್ನಿಲ್ಲ?"

"ನೀನು ಕೇಳ್ನಿಲ್ಲ, ಮಾವ."

ಊರಿಗೆ ಹೋಗುತ್ತೇನೆಯೇ? ನೀವೂ ಕೇಳುತ್ತೀರಿ. ಹೋಗಬಹುದು, ಎಲೆಯ ಮುಂದೆ ಕೂರಲು ಅಲ್ಲ. ಇಲ್ಲಿ ಉಳಿಯುತ್ತೇನೆಯೇ? ವರ್ಗದ ಆದೇಶ ಬಂದ ದಿನ ಇದೂ ಪರವೂರೇ. ಇಷ್ಟು ಮಾತ್ರ ಗೊತ್ತು, ಉಣ್ಣುವುದನ್ನು ಇಲ್ಲಿ ಕಲಿತೆ, ಅಳುವುದನ್ನೂ ಇಲ್ಲೇ ಕಲಿತೆ.

ಬಸ್ಸು ಹೊರಟಿತು. ಮಾವ ಕಿಟಕಿಯ ಪಕ್ಕ ಕೂತಿದ್ದ, ನನ್ನ ಕಡೆ ತಿರುಗಲಿಲ್ಲ. ಬೆಳಗಿನ ಬಿಸಿಲು ಅವನ ಮುಖದ ಒಂದು ಬದಿಗೆ ಬಿದ್ದಿತ್ತು. ಅದೇ ಹಣೆ, ಅದೇ ಮೂಗು, ಅತ್ತಾಗ ಹಾಗೇ ಊದುವ ರೆಪ್ಪೆ. ನನ್ನ ಸೇಡು ತೀರಿತ್ತು. ಅವ್ವನ ಮುಖ ಹೊತ್ತಿರುವ ಒಬ್ಬನೇ ಒಬ್ಬ ಮನುಷ್ಯ ಆ ಬಸ್ಸಿನಲ್ಲಿ ಹೋಗುತ್ತಿದ್ದ.